ಬೇರೆಯವರು ಬಿಟ್ಟ ಟೈರ್‌ನಲ್ಲಿ ನಮ್ಮ ತಂಡ ಓಡಿದ್ದು, ನಿಂತದ್ದು

ಆರು ಗಂಟೆಗಳ ರೇಸ್‌ನಲ್ಲಿ ಹಳೆಯ ಟೈರ್ ಹಾಕಿ, ಬೇಕೆಂದೇ ನಿಧಾನವಾಗಿ ಓಡಿಸಿ, ಒಂದೇ ಬಗೆಯ ಕಾರುಗಳ ವರ್ಗದಲ್ಲಿ ಮೊದಲ ಸ್ಥಾನ ಪಡೆಯಬಹುದು ಎಂದರೆ ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್‌ನಲ್ಲಿ ಯಾರೂ ನಂಬುತ್ತಿರಲಿಲ್ಲ. ನಾವು ಪಡೆದೆವು. ಅದಾದ ಒಂದೂವರೆ ವರ್ಷಕ್ಕೆ ತಂಡವನ್ನೂ ಮುಚ್ಚಿದೆವು. ತಂಡ ಮುಚ್ಚಿತು, ಆದ್ದರಿಂದ ವಿಧಾನವೂ ಕೆಲಸಕ್ಕೆ ಬಾರದ್ದು ಎಂದು ವಾದಿಸುವವರು ಇಂದಿಗೂ ಸಿಗುತ್ತಾರೆ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅವರಿಗೆ.

ತಂಡ ಎಂದರೆ ಒಂದೇ ಕಾರು. ಮುಂದಿನ ಚಕ್ರಗಳಿಗೆ ಚಾಲನೆಯಿರುವ ಎರಡು ಲೀಟರಿನ ಟೂರಿಂಗ್ ಕಾರು. ಬೇರೊಂದು ತಂಡ ಓಡಿಸಿ, ದಣಿಸಿ, ಮಾರಿದ್ದು. ಇಬ್ಬರು ಚಾಲಕರಲ್ಲಿ ಒಬ್ಬ ವೇಗದವನು, ಇನ್ನೊಬ್ಬ ಹಣ ತರುವವನು. ಸಣ್ಣ ತಂಡ ನಡೆಸಿದವರಿಗೆ ಈ ಜೋಡಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರುತ್ತಿದ್ದ ಹಣದಲ್ಲಿ ನೂರಕ್ಕೆ 55ರಷ್ಟು ಆ ಎರಡನೆಯವನ ಸೀಟಿನ ಬಾಡಿಗೆ, 25ರಷ್ಟು ಪ್ರಾಯೋಜಕರದು, ಮಿಕ್ಕದ್ದು ನನ್ನದೇ ಕೈಯಿಂದ. ಹೋಗುತ್ತಿದ್ದ ಹಣದಲ್ಲಿ ಟೈರ್‌ಗೇ 30, ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 25, ಪ್ರವೇಶ ಶುಲ್ಕ ಹಾಗೂ ಸಾಗಾಟಕ್ಕೆ 20. ಉಳಿದದ್ದನ್ನು ಪೆಟ್ರೋಲ್, ಬ್ರೇಕ್ ಮತ್ತು ನಜ್ಜುಗುಜ್ಜಾದ ಬಂಪರ್‌ಗಳು ಹಂಚಿಕೊಳ್ಳುತ್ತಿದ್ದವು. ಲೆಕ್ಕದ ಪುಸ್ತಕ ಈಗ ಎದುರಿಗಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ. ಆದರೆ ಈ ಅನುಪಾತಗಳು ಹೆಚ್ಚು ತಪ್ಪಿರಲಾರವು.

ಮೊದಲ ವರ್ಷ ಉಳಿದವರ ಹಾಗೆಯೇ ಓಡಿದೆವು. ರೇಸ್‌ಗೆ ನಾಲ್ಕು ಸೆಟ್ ಹೊಸ ಟೈರ್ ಬೇಕಾದ ಕಡೆ ಎರಡಕ್ಕೆ ಮಾತ್ರ ಹಣವಿತ್ತು. ಮೊದಲ ಎರಡು ಗಂಟೆ ಮುಂಚೂಣಿಯವರ ಜೊತೆಗಿದ್ದು, ಆಮೇಲೆ ಮುಂದಿನ ಎಡ ಟೈರ್‌ನ ಒಳಅಂಚು ಕ್ಯಾನ್ವಾಸ್ ಕಾಣುವವರೆಗೆ ಸವೆದು, ಲ್ಯಾಪ್‌ಗೆ ಮೂರು ಮೂರು ಸೆಕೆಂಡ್ ಕಳೆದುಕೊಳ್ಳುವುದೇ ನಮ್ಮ ಪಾಡಾಗಿತ್ತು. ಅದರ ಮೇಲೆ ಮೂರನೇ ಗೇರನ್ನು ಹಿಡಿದಿಡುವ ಹಲ್ಲಿನ ಬಳೆ, ಡಾಗ್ ರಿಂಗ್, ಮತ್ತೆ ಮತ್ತೆ ಕೆಟ್ಟುಹೋಗುತ್ತಿತ್ತು. ಆ ವರ್ಷ ಕೊನೆಯ ಧ್ವಜ ಕಂಡದ್ದಕ್ಕಿಂತ ಟೋ ಟ್ರಕ್ ಕಂಡದ್ದೇ ಹೆಚ್ಚು.

ಉಪಾಯ ಕಣ್ಣೆದುರಿಗೇ ಬಿದ್ದಿತ್ತು. ಮುಂಚಾಲನೆಯ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಭಾರ ಹೊರುವುದು ಎಲ್ಲವೂ ಮುಂದಿನ ಎರಡು ಟೈರ್‌ಗಳೇ. ಹಿಂದಿನವು ಬರೀ ಜೊತೆಗೆ ಬರುತ್ತವೆ. ದೊಡ್ಡ ತಂಡಗಳು ಆರಂಭದ ಸ್ಥಾನ ನಿರ್ಧರಿಸುವ ಕ್ವಾಲಿಫೈಯಿಂಗ್ ಓಟ ಮುಗಿದ ಕೂಡಲೇ ಇಡೀ ಸೆಟ್ಟನ್ನೇ ಪಕ್ಕಕ್ಕೆ ಎಸೆಯುತ್ತಿದ್ದವು. ಹಿಂದಿನದನ್ನು ಮುಂದಕ್ಕೆ ಹಾಕಿಕೊಳ್ಳುವ ವ್ಯವಧಾನ ಅವರಿಗಿಲ್ಲ, ಅಗತ್ಯವೂ ಇಲ್ಲ. ಆ ಹಿಂದಿನ ಟೈರ್‌ಗಳ ಅಳತೆ ಅದೇ, ಕಾಂಪೌಂಡ್ (ರಬ್ಬರಿನ ಮಿಶ್ರಣ) ಅದೇ, ಸವೆತ ನೋಡುವ ರಂಧ್ರಗಳು ಹೊಸದರಷ್ಟೇ ಆಳ. ಹೊಸ ಟೈರ್‌ನ ಬೆಲೆಯ ಎಂಟನೇ ಒಂದು ಭಾಗಕ್ಕೆ ಕೊಟ್ಟರು. ಕೊಟ್ಟದ್ದಕ್ಕೆ ನಕ್ಕರು ಕೂಡ. ನಮಗೆ ‘ಗುಜರಿ ತಂಡ’ ಎಂಬ ಹೆಸರು ಬಿದ್ದದ್ದು ಆಗಲೇ.

ಕೊಂಡದ್ದೆಲ್ಲ ಹಾಕಲು ಬರುವುದಿಲ್ಲ. ಮೊದಲ ಕಂತಿನಲ್ಲಿ ಅರ್ಧದಷ್ಟು ವ್ಯರ್ಥವಾಯಿತು. ಒಂದು ಸೆಟ್ಟಿನಲ್ಲಿ ಚಕ್ರ ಲಾಕ್ ಆಗಿ ಸವೆದ ಚಪ್ಪಟೆ ಜಾಗವಿತ್ತು. ಕಣ್ಣಿಗೆ ಕಾಣುವಂತಿರಲಿಲ್ಲ, ಆದರೆ ಅದರ ನಡುಕಕ್ಕೆ ಚಕ್ರದ ವೇಗ ಅಳೆಯುವ ಸೆನ್ಸರ್‌ನ ಬ್ರಾಕೆಟ್ ಮುರಿದು, ಕಾರು ಪಿಟ್‌ಗೆ ಬಂತು. ಇನ್ನೊಂದು ಸೆಟ್ಟು ಹಿಂದಿನ ಕಾರಿನಲ್ಲೇ ಮಿತಿಮೀರಿ ಕಾದಿತ್ತು. ಹತ್ತು ಲ್ಯಾಪ್‌ಗೆ ಗುಳ್ಳೆ ಎದ್ದಿತು. ಮೂರನೆಯದು ನಮ್ಮ ಶೆಡ್ಡಿನಲ್ಲೇ ಹಾಳಾದದ್ದು. ಟೈರ್ ಇಟ್ಟ ಕೋಣೆಯ ಪಕ್ಕದ ಬಾಡಿಗೆದಾರ ದಿನವಿಡೀ ವೆಲ್ಡಿಂಗ್ ಮಾಡುತ್ತಿದ್ದ. ಅದರ ಓಜೋನ್ ರಬ್ಬರಿಗೆ ವಿಷ. ಪಕ್ಕದ ಗೋಡೆಗಳಲ್ಲಿ ಕೂದಲೆಳೆಯಂತಹ ಬಿರುಕುಗಳು ಎದ್ದವು. ಆಮೇಲೆ ಎಲ್ಲವನ್ನೂ ಕಪ್ಪು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗಾಳಿ ತೆಗೆದು, ಬಿಸಿಲು ಮತ್ತು ಮೋಟರ್‌ಗಳಿಂದ ದೂರ ಇಡತೊಡಗಿದೆವು.

ಕೊಳ್ಳುವ ಮುಂಚೆ ರಬ್ಬರಿನ ಗಡಸುತನ ಅಳೆಯುವ ಡ್ಯೂರೋಮೀಟರ್ ಒತ್ತದೆ ಕಾಸು ಬಿಚ್ಚುತ್ತಿರಲಿಲ್ಲ. ನಾವು ಬಳಸುತ್ತಿದ್ದ ಕಾಂಪೌಂಡ್ ಹೊಸದರಲ್ಲಿ ಶೋರ್ ಎ ಮಾಪನದಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) 56ರ ಆಸುಪಾಸು ತೋರಿಸುತ್ತಿತ್ತು. 62ರವರೆಗೆ ಮುಂದಕ್ಕೆ, 66ರವರೆಗೆ ಹಿಂದಕ್ಕೆ, ಅದಕ್ಕೂ ಮೇಲಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ಅಳೆಯುವಾಗ ಟೈರ್‌ನ ಬಿಸಿ ಒಂದೇ ಮಟ್ಟದಲ್ಲಿರಬೇಕು. ಮುಂಜಾನೆಯ ಚಳಿಯಲ್ಲಿ ಎಲ್ಲ ರಬ್ಬರೂ ಗಟ್ಟಿಯೇ. ಟ್ರ್ಯಾಕ್‌ನಿಂದ ಅಂಟಿಕೊಂಡ ರಬ್ಬರಿನ ಚೂರುಗಳನ್ನು ಹೀಟ್ ಗನ್ ಹಿಡಿದು ಕೆರೆದು ತೆಗೆದ ನಂತರವೇ ಅಳೆಯಬೇಕು ಎಂಬುದು ನಿಮಗೆ ಗೊತ್ತೇ ಇದೆ. ಕ್ಯಾಂಬರ್‌ನಿಂದ (ಚಕ್ರದ ಓರೆಯಿಂದ) ಒಳಅಂಚು ಮಾತ್ರ ಸವೆದ ಟೈರ್‌ಗಳನ್ನು ರಿಮ್‌ನಿಂದ ಬಿಚ್ಚಿ ಮಗುಚಿ ಹಾಕುತ್ತಿದ್ದೆವು. ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಈ ಆಟ ನಡೆಯುವುದಿಲ್ಲ.

ನಿಜವಾದ ತಲೆನೋವು ಹಿಂಭಾಗದ್ದು. ಮುಂಚಾಲನೆಯ ಕಾರಿನಲ್ಲಿ ಹಿಂದಿನ ಟೈರ್ ಬಿಸಿಯಾಗುವುದೇ ನಿಧಾನ. ಅಲ್ಲಿ ಹಳೆಯ, ಗಟ್ಟಿಯಾದ ರಬ್ಬರ್ ಇದ್ದರೆ ಮೊದಲ ನಾಲ್ಕು ಲ್ಯಾಪ್ ಕಾರು ಐಸಿನ ಮೇಲೆ ಇದ್ದಂತೆ. ವೇಗದ ಚಾಲಕನೇ ಎರಡು ಸಲ ಹಿಮ್ಮುಖವಾಗಿ ಜಲ್ಲಿಗೆ ಹೋದ. ಹಣ ತರುವವನು ‘ಇದು ಕಾರಲ್ಲ, ಶಿಕ್ಷೆ’ ಎಂದ. ಪಕ್ಕದ ಪಿಟ್‌ನ ಎಂಜಿನಿಯರ್ ಒಬ್ಬರು ಬಂದು, ‘ಟೈರ್‌ನಲ್ಲಿ ಉಳಿಸಿದ ಹಣವನ್ನು ಬಾಡಿ ಪ್ಯಾನೆಲ್‌ಗೆ ಸುರಿಯುತ್ತೀರಿ’ ಎಂದು ಭವಿಷ್ಯ ಹೇಳಿ ಹೋದರು. ಇದಕ್ಕೆ ಮದ್ದು ಸಿಕ್ಕಿದ್ದು ಹಿಂದಿನ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡುವ ಕೋನ) ಮತ್ತು ಹಿಂದಿನ ಟೈರ್‌ನ ಆರಂಭದ ಗಾಳಿ ಎರಡನ್ನೂ ಒಟ್ಟಿಗೆ ಬದಲಿಸಿದಾಗ. ನಾಲ್ಕು ಲ್ಯಾಪ್‌ನ ಕಷ್ಟ ಒಂದೂವರೆಗೆ ಇಳಿಯಿತು. ಒತ್ತಡ ಎಷ್ಟು ಎಂದು ಹಲವರು ಕೇಳಿದ್ದಾರೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಇಷ್ಟಾದರೂ ನಮ್ಮ ಕಾರು ಲ್ಯಾಪ್‌ಗೆ ಒಂದು ಸೆಕೆಂಡಿನಷ್ಟು ಹಿಂದೆಯೇ ಇತ್ತು. ಅದನ್ನು ಎಂಜಿನ್‌ನಿಂದ ತುಂಬಿಸಲು ಹೋಗಬೇಡಿ ಎಂಬುದೇ ನನ್ನ ಪಟ್ಟು. ಆರು ಗಂಟೆಯ ರೇಸ್ ಎಂದರೆ ನಮ್ಮ ವರ್ಗಕ್ಕೆ ಸುಮಾರು 200 ಲ್ಯಾಪ್. ಒಂದು ಟ್ಯಾಂಕ್‌ಗೆ ಎಲ್ಲರಿಗೂ 32 ಲ್ಯಾಪ್ ಬರುತ್ತಿತ್ತು. ಭಾಗಿಸಿ ನೋಡಿ: ಆರು ಸಲ ಪಿಟ್‌ಗೆ ಬರಲೇಬೇಕು, ಆರನೆಯದು ಕೊನೆಯ ಕೆಲವೇ ಲ್ಯಾಪ್‌ಗಳಿಗಾಗಿ. ಒಂದು ಟ್ಯಾಂಕ್‌ನಲ್ಲಿ 34 ಲ್ಯಾಪ್ ಓಡಿಸಿದರೆ ಐದು ಸಲ ಸಾಕು. ನೂರಕ್ಕೆ ಆರರಷ್ಟು ಪೆಟ್ರೋಲ್ ಉಳಿಸಿದರೆ ಒಂದು ಪಿಟ್ ಸ್ಟಾಪೇ ಮಾಯ. ನೇರ ದಾರಿಯ ಕೊನೆಯಲ್ಲಿ ಬ್ರೇಕ್ ತುಳಿಯುವ ಜಾಗಕ್ಕೆ ಸುಮಾರು 70 ಮೀಟರ್ ಮುಂಚೆಯೇ ಆಕ್ಸಲರೇಟರ್‌ನಿಂದ ಕಾಲು ತೆಗೆದು ಕಾರನ್ನು ತೇಲಲು ಬಿಡಬೇಕು. ಇದರಿಂದ ಲ್ಯಾಪ್‌ಗೆ ಹೆಚ್ಚೆಂದರೆ 0.3 ಸೆಕೆಂಡ್ ನಷ್ಟ. 200 ಲ್ಯಾಪ್‌ಗೆ ಒಂದು ನಿಮಿಷ. ಉಳಿಯುವ ಪಿಟ್ ಸ್ಟಾಪಿನ ಬೆಲೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಲಾಭ ಬರೀ ಇಪ್ಪತ್ತು ಸೆಕೆಂಡ್, ಇದಕ್ಕೆ ಇಷ್ಟು ಗದ್ದಲವೇ ಎಂದರು ಹಲವರು.

ಅವರು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಬ್ರೇಕ್ ಪ್ಯಾಡ್. ಬೇಗ ಕಾಲು ತೆಗೆದರೆ ಬ್ರೇಕ್ ತುಳಿಯುವ ಹೊತ್ತಿಗೆ ವೇಗ ಆಗಲೇ ಇಳಿದಿರುತ್ತದೆ, ಮತ್ತು ಬ್ರೇಕ್ ತಿನ್ನುವ ಶಕ್ತಿ ವೇಗದ ವರ್ಗಕ್ಕೆ (ವೇಗ × ವೇಗ) ಅನುಗುಣವಾದದ್ದು. ಉಳಿದವರು ನಾಲ್ಕನೇ ಗಂಟೆಯಲ್ಲಿ ಮುಂದಿನ ಪ್ಯಾಡ್ ಬದಲಿಸಲು ಎರಡು ನಿಮಿಷ ನಿಂತರು. ನಮ್ಮ ಪ್ಯಾಡ್ ರೇಸ್ ಮುಗಿದ ಮೇಲೂ ಮೂರನೇ ಒಂದು ಭಾಗ ಉಳಿದಿತ್ತು. ಮುಂದಿನ ಟೈರ್‌ಗೂ ಅದೇ ಕರುಣೆ: ಹಳೆಯ ರಬ್ಬರ್ ಎರಡು ಸ್ಟಿಂಟ್ (ಎರಡು ಟ್ಯಾಂಕ್‌ನ ಓಟ) ತಾಳಿತು.

ನಡುವೆ ಬೇರೆ ಬೇರೆ ಹುಚ್ಚುಗಳೂ ಇದ್ದವು. ಖಾಲಿ ರನ್‌ವೇ ಒಂದು ಅರ್ಧ ದಿನಕ್ಕೆ ಸಿಕ್ಕಾಗ ತೇಲುವ ಪರೀಕ್ಷೆ ಮಾಡಿದೆವು: ಗಂಟೆಗೆ 120 ಕಿ.ಮೀ. ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ, 80ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಎರಡೂ ದಿಕ್ಕಿನಲ್ಲಿ ಅಳೆಯುವುದು. ಹಿಂದಿನ ರೆಕ್ಕೆಯ ಕೋನ ಇಳಿಸಿದರೆ ದೊಡ್ಡ ವ್ಯತ್ಯಾಸ ಬರುತ್ತದೆ ಎಂದು ನನ್ನ ನಂಬಿಕೆಯಿತ್ತು. ಬಂದದ್ದು ಅಲ್ಪ. ಅದಕ್ಕಿಂತ ಹೆಚ್ಚು ಸಿಕ್ಕಿದ್ದು ಬ್ರೇಕ್ ಪ್ಯಾಡ್ ಒತ್ತುವ ಒಂದು ಕ್ಯಾಲಿಪರಿನ ಪಿಸ್ಟನ್ ಸರಿಯಾಗಿ ಹಿಂದೆ ಸರಿಯದೆ ಪ್ಯಾಡ್ ಸದಾ ಉಜ್ಜುತ್ತಿದ್ದುದನ್ನು ಸರಿಪಡಿಸಿದಾಗ. ರೇಡಿಯೇಟರ್ ಬಾಯಿಗೆ ಟೇಪ್ ಹಚ್ಚಿದ್ದರಿಂದ ನೀರಿನ ಬಿಸಿ ಏರಿತೇ ಹೊರತು ಗಡಿಯಾರ ಒಪ್ಪಲಿಲ್ಲ. ಚಾಲಕನಿಗೆ ತಣ್ಣೀರಿನ ಅಂಗಿ ಹೊಲಿಸಿದೆವು. ಕೊಳವೆ ಕಳಚಿ ಸೀಟು ಕೆರೆಯಾಯಿತು.

ಗೆದ್ದ ರೇಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೇ ಗಂಟೆಗೆ ಏಳನೆಯವರು, ನಾಲ್ಕನೆಯದಕ್ಕೆ ಮೂರನೆಯವರು. ಐದನೇ ಗಂಟೆಯ ಸೇಫ್ಟಿ ಕಾರ್ (ಅಪಾಯವಿದ್ದಾಗ ಮುಂದೆ ಬಂದು ಎಲ್ಲರನ್ನೂ ನಿಧಾನಗೊಳಿಸುವ ಕಾರು) ನಮಗೆ ಅನುಕೂಲವಾಯಿತು ಎನ್ನುವವರಿಗೆ ಹೇಳುವುದಿಷ್ಟೇ: ಅದು ಎಲ್ಲರಿಗೂ ಬಂದಿತ್ತು. ಮುಂದಿದ್ದ ಇಬ್ಬರೂ ಕೊನೆಯ ಹತ್ತು ಲ್ಯಾಪ್‌ಗಳ ಪೆಟ್ರೋಲ್‌ಗಾಗಿ ಪಿಟ್‌ಗೆ ಹೋದರು. ನಾವು ಹೋಗಲಿಲ್ಲ. ಆ ವರ್ಷ ಟೈರ್ ಖರ್ಚು ನೂರಕ್ಕೆ 30ರಿಂದ 12ಕ್ಕೆ ಇಳಿದಿತ್ತು, ಉಳಿದ ಹಣದಲ್ಲಿ ಗೇರ್‌ಬಾಕ್ಸ್ ಸರಿಯಾಗಿತ್ತು. ಋತುವಿನ ಕೊನೆಗೆ ವರ್ಗದಲ್ಲಿ ಮೂರನೇ ಸ್ಥಾನ.

ಗೆಲುವು ಬಂದರೆ ಹಣ ಹಿಂದೆಯೇ ಬರುತ್ತದೆ ಎಂಬುದು ಹೊರಗಿನವರ ಕಲ್ಪನೆ. 1975ರಲ್ಲಿ ಫಾರ್ಮುಲಾ 1ರ ಹೆಸ್ಕೆತ್ ತಂಡದ ಜೇಮ್ಸ್ ಹಂಟ್, ಮಳೆಯ ನಂತರ ಒಣಗುತ್ತಿದ್ದ ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್‌ನಲ್ಲಿ ಬೇಗನೆ ಒಣ ಟ್ರ್ಯಾಕಿನ ನುಣುಪಾದ ಸ್ಲಿಕ್ ಟೈರ್‌ಗೆ ಬದಲಿಸಿ, ನಿಕಿ ಲೌಡಾ ಅವರ ಫೆರಾರಿಯನ್ನು ಹಿಂದಿಕ್ಕಿ ಗೆದ್ದರು. ಅದೇ ವರ್ಷದ ಕೊನೆಗೆ ತಂಡದ ಒಡೆಯ ಲಾರ್ಡ್ ಹೆಸ್ಕೆತ್ ತಮ್ಮ ಹಣ ನಿಲ್ಲಿಸಿದರು. ಜೋರ್ಡನ್ ತಂಡ 1998ರಲ್ಲಿ ಸ್ಪಾದಲ್ಲಿ ಮೊದಲೆರಡು ಸ್ಥಾನ ಪಡೆದು, 1999ರಲ್ಲಿ ತಂಡಗಳ ಪಟ್ಟಿಯಲ್ಲಿ ಮೂರನೆಯದಾಗಿ, 2005ರಲ್ಲಿ ಮಾರಾಟವಾಯಿತು. ಒಮ್ಮೆಯೂ ಪೋಡಿಯಂ ಏರದ ಮಿನಾರ್ಡಿ ಮಾತ್ರ 1985ರಿಂದ 2005ರವರೆಗೆ ಉಸಿರು ಹಿಡಿದುಕೊಂಡಿತು. ನಮ್ಮಂಥವರು ಅಭ್ಯಾಸ ಮಾಡಬೇಕಾದದ್ದು ಮಿನಾರ್ಡಿಯನ್ನು ಎಂದು ನಾನು ಆಗಲೂ ಹೇಳುತ್ತಿದ್ದೆ.

ನಮ್ಮ ಇಳಿತ ಶುರುವಾದದ್ದು ಗೆದ್ದದ್ದರಿಂದಲೇ. ಗುಜರಿ ಎಂದು ನಕ್ಕವರು ಬೆಲೆಯನ್ನು ಎಂಟನೇ ಒಂದರಿಂದ ಮೂರನೇ ಒಂದಕ್ಕೆ ಏರಿಸಿದರು, ಇನ್ನೂ ಮೂರು ಸಣ್ಣ ತಂಡಗಳು ಅದೇ ರಾಶಿಗೆ ಕೈ ಹಾಕಿದವು. ಹಣ ತರುವ ಚಾಲಕ, ಗೆದ್ದ ಹೆಸರಿನೊಂದಿಗೆ, ದೊಡ್ಡ ತಂಡವೊಂದಕ್ಕೆ ಹೋದ. ಅವನ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ. ಪ್ರಾಯೋಜಕರ ಮೂರನೇ ಕಂತು ಕೊನೆಯ ರೇಸ್ ಆದ ಮೇಲೆ ಬಂತು, ಅದೂ ಪೂರ್ತಿಯಲ್ಲ. ಇಷ್ಟನ್ನೂ ತಾಳಿಕೊಳ್ಳಬಹುದಿತ್ತು. ತಾಳಲಾಗದ್ದು ಹೊಸ ನಿಯಮ: ಎಲ್ಲರಿಗೂ ಒಂದೇ ಕಂಪನಿಯ ಟೈರ್, ಪ್ರತಿ ಟೈರ್‌ಗೂ ಬಾರ್‌ಕೋಡ್, ಆ ಬಾರ್‌ಕೋಡ್ ಒಂದು ಕಾರಿಗೆ ಮಾತ್ರ. ಫಾರ್ಮುಲಾ 1ರಲ್ಲಿ 2007ರಿಂದ ಒಂದೇ ಕಂಪನಿಯ ಟೈರ್ ಇದೆ, ಕೆಳಗಿನ ಸರಣಿಗಳಲ್ಲೂ ಈ ಪದ್ಧತಿ ಹೊಸದಲ್ಲ. ಖರ್ಚಿಗೆ ಕಡಿವಾಣ ಹಾಕಿ ಸಣ್ಣ ತಂಡಗಳನ್ನು ಉಳಿಸುವುದಕ್ಕೆ ಎಂದು ಸಭೆಯಲ್ಲಿ ವಿವರಿಸಿದರು. ದೊಡ್ಡವರಿಗೆ ಖರ್ಚು ಇಳಿದದ್ದು ನಿಜ. ಬೇರೆ ಕಾರಿನ ಟೈರ್ ನಮ್ಮ ಕಾರಿಗೆ ಹಾಕುವಂತಿಲ್ಲವಾದ್ದರಿಂದ ನಮ್ಮ ಟೈರ್ ಖರ್ಚು 12ರಿಂದ 35ಕ್ಕೆ ನೆಗೆಯಿತು. ಪೆಟ್ರೋಲ್ ಉಳಿಸುವ ಅರ್ಧ ವಿಧಾನ ಉಳಿದಿತ್ತು, ಅದನ್ನೂ ಆಗ ಎಲ್ಲರೂ ಕಲಿತಿದ್ದರು.

ಇನ್ನೊಂದು ಋತು ನೋಡೋಣ ಎಂದು ಹುಡುಗರು ಹೇಳಿದರು. ಕಾರಿನ ಹೋಮೊಲೊಗೇಶನ್ (ರೇಸಿನಲ್ಲಿ ಓಡಲು ಸಿಕ್ಕ ಅನುಮೋದನೆ) ಮುಗಿಯಲು ಎರಡು ವರ್ಷವಿತ್ತು. ಅವಧಿ ಇರುವ ಕಾರಿಗೆ ಸಿಗುವ ಬೆಲೆ ಮುಗಿದ ಕಾರಿಗೆ ಸಿಗುವುದಿಲ್ಲ. ಆದ್ದರಿಂದ ಋತುವಿನ ನಡುವೆಯೇ, ಕಾರು ಇನ್ನೂ ಓಡುತ್ತಿರುವಾಗ ಮಾರಾಟಕ್ಕಿಟ್ಟೆ. ಬಿಡಿಭಾಗಗಳನ್ನು ಕಾರಿನ ಜೊತೆಗೆ ಒಟ್ಟಾಗಿ ಕೊಡಿ ಎಂದು ಕೊಳ್ಳುವವರು ಪೀಡಿಸುತ್ತಾರೆ, ಒಪ್ಪಬೇಡಿ. ಗೇರ್ ಅನುಪಾತಗಳ ಪೆಟ್ಟಿಗೆ, ಹೆಚ್ಚುವರಿ ಡಿಫರೆನ್ಷಿಯಲ್, ರಿಮ್‌ಗಳು, ಪೆಟ್ರೋಲ್ ತುಂಬುವ ಸಾಧನ ಎಲ್ಲವನ್ನೂ ಬೇರೆ ಬೇರೆಯಾಗಿ ಮಾರಿದ್ದರಿಂದ ಒಟ್ಟು ಮೊತ್ತ ಕಾಲು ಭಾಗದಷ್ಟು ಹೆಚ್ಚಿತು. ಮೊದಲು ಮೆಕ್ಯಾನಿಕ್‌ಗಳ ಬಾಕಿ, ಆಮೇಲೆ ಎಂಜಿನ್ ಕಟ್ಟುವವರದ್ದು, ಕೊನೆಗೆ ನನ್ನದು. ಹಾಕಿದ ಹಣದಲ್ಲಿ ಮೂರನೇ ಎರಡು ಭಾಗ ಮರಳಿ ಬಂತು. ಯಾರಿಗೂ ಸಾಲ ಉಳಿಸದೆ ಮುಚ್ಚಿದ ತಂಡಗಳನ್ನು ನಾನು ಹೆಚ್ಚು ಕಂಡಿಲ್ಲ. ಅದರ ಬಗ್ಗೆ ಗೆಲುವಿಗಿಂತ ಹೆಚ್ಚು ಕೊಚ್ಚಿಕೊಳ್ಳುತ್ತೇನೆ ಎಂದು ಮನೆಯವರು ರೇಗಿಸುತ್ತಾರೆ.

ಕಾರು ಈಗ ಟೈರ್ ನಿಯಮವಿಲ್ಲದ ಕ್ಲಬ್ ಮಟ್ಟದ ಸರಣಿಯೊಂದರಲ್ಲಿ ಓಡುತ್ತಿದೆ. ಕೊಂಡವರು ಹಳೆಯ ಟೈರ್‌ಗಳಲ್ಲೇ ಓಡಿಸಬೇಕೆಂದಿದ್ದಾರೆ. ಡ್ಯೂರೋಮೀಟರ್ ಅಳತೆಗಳ ಪುಸ್ತಕದ ನಕಲನ್ನು ಅವರಿಗೆ ಉಚಿತವಾಗಿ ಕೊಟ್ಟೆ. ಹಿಂದಿನ ಟೈರ್‌ನ ಗಾಳಿ ಬರೆದ ಪುಟಕ್ಕೆ ಮಾತ್ರ ಬೇರೆ ಬೆಲೆ ಹೇಳಿದ್ದೇನೆ. ಚೌಕಾಸಿ ಇನ್ನೂ ನಡೆದಿದೆ.