ಐಟಿಐ ಎಲೆಕ್ಟ್ರಿಷಿಯನ್‌ನಿಂದ ಬಿಇ ತನಕ: ನಾನು ಮಾಡಿದ್ದು ಹಿಂಗೆ

ಐಟಿಐ ಆದ್ಮೇಲೆ ಬಿಇ ಮಾಡೋಕಾಗುತ್ತಾ ಅಣ್ಣ ಅಂತ ಯಾರಾದ್ರೂ ಒಬ್ರು ಫೋನ್ ಮಾಡ್ತಾನೇ ಇರ್ತಾರೆ, ಒಂದ್ಸಲ ಬರೆದಿಟ್ರೆ ಎಲ್ಲರಿಗೂ ಕಳಿಸ್ಬೋದು ಅಂತ ಕೂತಿದೀನಿ. ಆಗುತ್ತೆ. ಬ್ಯಾಂಕ್ ಸಾಲ ಇಲ್ದೆ, ದುಡಿಮೆ ಬಿಡ್ದೆ ಮಾಡಿದೀನಿ. ನಮ್ಮದು ಗುಬ್ಬಿ ಕಡೆ ಹಳ್ಳಿ, ಅಪ್ಪ ಗಾರೆ ಕೆಲಸ. 2011ರಲ್ಲಿ ತುಮಕೂರಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಸೇರ್ದಾಗ ಯಾರೂ ಏನೂ ಅನ್ಲಿಲ್ಲ, ಅಪ್ರೆಂಟಿಸ್ ಮುಗಿಸಿ, ಪ್ಯಾನಲ್ ಬೋರ್ಡ್ ಅಂಗಡೀಲಿ ಒಂದು ವರ್ಷ ದುಡಿದು, 2015ರಲ್ಲಿ ಡಿಪ್ಲೊಮಾಗೆ ಹೋಗ್ತೀನಿ ಅಂದಾಗ ದೊಡ್ಡಪ್ಪ "ಓದಿ ಮುಗ್ಸೋ ಹೊತ್ಗೆ ತಲೆ ಬೆಳ್ಳಗಾಗಿರುತ್ತೆ, ಸುಮ್ನೆ ಲೈನ್‌ಮ್ಯಾನ್‌ಗೆ ಅರ್ಜಿ ಹಾಕೋ" ಅಂದ್ರು.

ದೊಡ್ಡಪ್ಪನ ಲೆಕ್ಕ ಸರಿ ಇರ್ಲಿಲ್ಲ. ಎಸ್‌ಎಸ್‌ಎಲ್‌ಸಿ ಆದ್ಮೇಲೆ ಪಿಯುಸಿ ಎರಡು, ಬಿಇ ನಾಲ್ಕು, ಆರು ವರ್ಷ. ನಮ್ಮದು ಐಟಿಐ ಎರಡು, ಲ್ಯಾಟರಲ್ ಎಂಟ್ರೀಲಿ ನೇರ ಮೂರನೇ ಸೆಮ್‌ಗೆ ಹೋದ್ರೆ ಡಿಪ್ಲೊಮಾ ಎರಡು, ಡಿಸಿಇಟಿ (ಡಿಪ್ಲೊಮಾ ಆದೋರು ಬಿಇಗೆ ಬರೆಯೋ ಸಿಇಟಿ) ಬರೆದು ಬಿಇ ಎರಡನೇ ವರ್ಷಕ್ಕೆ ಹೋದ್ರೆ ಮೂರು, ಒಟ್ಟು ಏಳು. ಹೆಚ್ಚಾಗೋದು ಒಂದೇ ವರ್ಷ! ಆ ಒಂದು ವರ್ಷಕ್ಕೆ ಬದಲಾಗಿ ಕೈಯಲ್ಲಿ ಕಸುಬು ಇರುತ್ತೆ. ನಾನು ಮಧ್ಯೆ ದುಡಿಯೋಕೆ ನಿಂತಿದ್ರಿಂದ ಹತ್ತು ವರ್ಷ ಹಿಡೀತು, ಅದು ಬೇರೆ ಮಾತು.

ಡಿಪ್ಲೊಮಾದಲ್ಲಿ ಮಷಿನ್ಸು, ವೈರಿಂಗು, ಲ್ಯಾಬು ಏನೂ ಕಷ್ಟ ಆಗ್ಲಿಲ್ಲ. ಫೆಬ್ರವರಿಯಿಂದ ಮಳೆ ಬರೋ ತನಕ ನಮ್ಮ ಕಡೆ ಬೋರ್‌ವೆಲ್ ಮೋಟರ್ ಸುಡೋ ಕಾಲ, ತೆಂಗು ಅಡಿಕೆಗೆ ನೀರು ಬೇಕು, ವೋಲ್ಟೇಜ್ ಇರಲ್ಲ, ವೈಂಡಿಂಗ್ ಅಂಗಡಿ ಮುಂದೆ ಸಬ್‌ಮರ್ಸಿಬಲ್ ಮೋಟರ್ ಸಾಲಾಗಿ ಮಲಗಿರ್ತವೆ. ನಾನು ರಾತ್ರಿ ಅಲ್ಲಿ ಕೂರ್ತಿದ್ದೆ, ಮೋಟರ್‌ಗೆ ನಾನೂರೋ ಐನೂರೋ ಕೊಡೋರು. ಇಪ್ಪತ್ನಾಲ್ಕು ಸ್ಲಾಟು (ತಂತಿ ಕೂರೋ ಸಂದಿ), ಎರಡು ಪೋಲು, ಪೋಲ್‌ಗೆ ಫೇಸ್‌ಗೆ ನಾಲ್ಕು ಸ್ಲಾಟು. ಇದನ್ನ ಕೈಯಲ್ಲಿ ಎಳೆದೋನಿಗೆ ಬೋರ್ಡ್ ಮೇಲೆ ಮೋಟರ್ ಸ್ಪೀಡಿನ ಸೂತ್ರ 120 ಎಫ್ ಬೈ ಪಿ ಬರೆದ್ರೆ ಏನು ಭಯ? ಲೆಕ್ಕದಲ್ಲಿ 3000 ಆರ್‌ಪಿಎಂ ಬರುತ್ತೆ, ನೇಮ್‌ಪ್ಲೇಟಲ್ಲಿ 2880 ಇರುತ್ತೆ, ಆ ವ್ಯತ್ಯಾಸಾನೇ ಸ್ಲಿಪ್, 4 ಪರ್ಸೆಂಟು, ಕ್ಲಾಸಲ್ಲಿ ಎಲ್ಲರಿಗಿಂತ ಮುಂಚೆ ನಾನೇ ಹೇಳ್ತಿದ್ದೆ.

ಸತಾಯ್ಸಿದ್ದು ಮ್ಯಾಥ್ಸು. ಮೂರನೇ ಸೆಮ್‌ಗೆ ನೇರ ಬಂದೋರಿಗೆ ಮೊದಲ ವರ್ಷದ ಮ್ಯಾಥ್ಸ್ ಕ್ಲಾಸೇ ಸಿಕ್ಕಿರಲ್ಲ, ಐಟಿಐಲಿ ಓದಿದ್ದು ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅಷ್ಟೆ. 2017ರ ಡಿಸಿಇಟೀಲಿ ಅಲ್ಲೇ ಹೊಡೆತ ಬಿತ್ತು, ರ‍್ಯಾಂಕ್ ಎಲ್ಲೋ ಹೋಯ್ತು. ಒಂದು ಕಾಲೇಜಲ್ಲಿ ಮ್ಯಾನೇಜ್‌ಮೆಂಟ್ ಸೀಟ್‌ಗೆ ವರ್ಷಕ್ಕೆ ಒಂದೂವರೆ ಲಕ್ಷದ ಹತ್ರ ಕೇಳಿದ್ರು, ನಮಸ್ಕಾರ ಹೇಳಿ ಎದ್ದು ಬಂದೆ. ಲೆಕ್ಚರರ್ ಒಬ್ರು "ನಿಮ್ಮಂಥೋರಿಗೆ ಡಿಪ್ಲೊಮಾನೇ ಜಾಸ್ತಿ ಕಣಪ್ಪ" ಅಂದ್ರು. ಹೆಸರು ಬೇಡ.

ಅದೇ ವರ್ಷ ಪಾವಗಡ ಸೋಲಾರ್ ಪಾರ್ಕ್ ಕೆಲಸಕ್ಕೆ ಹೋದೆ, ತಿರುಮಣಿ ಹತ್ರ ರೂಮು. ಈಗ 2050 ಮೆಗಾವ್ಯಾಟ್ ಅಂತಾರಲ್ಲ, ಆಗಿನ್ನೂ ಕಟ್ತಿದ್ರು. ಹಗಲೆಲ್ಲ ಕನೆಕ್ಟರ್ ಕ್ರಿಂಪ್ ಮಾಡೋದು, ಪ್ಯಾನಲ್ ವೈರೆಲ್ಲ ಸೇರೋ ಕಾಂಬೈನರ್ ಬಾಕ್ಸ್, ಇನ್ಸುಲೇಷನ್ ನೋಡೋಕೆ ಮೆಗ್ಗರ್ ಹಾಕೋದು. ತಿಂಗಳಿಗೆ ಹದಿನಾಲ್ಕು ಸಾವಿರ ಚಿಲ್ಲರೆ, ಊಟ ರೂಮು ಅವರದ್ದೇ, ಲಕ್ಷದ ಹತ್ರ ಉಳೀತು. ಕೊನೇ ಎರಡು ತಿಂಗಳ ಸಂಬಳ ಸಬ್ ಕಾಂಟ್ರಾಕ್ಟರ್ ನುಂಗ್ದ, ಇವತ್ತಿಗೂ ಫೋನ್ ಎತ್ತಲ್ಲ.

ಮ್ಯಾಥ್ಸ್ ತಲೆಗೆ ಹತ್ತಿದ್ದು ಅಲ್ಲೇ. ಪುಸ್ತಕದ ಕ್ರಮ ಬಿಟ್ಟಾಕಿದೆ. ಪ್ರತಿ ಚಾಪ್ಟರ್‌ಗೂ ನಾನು ಕೈಯಲ್ಲಿ ಮುಟ್ಟಿರೋ ಒಂದು ಸಾಮಾನು ಹುಡುಕೋದು, ಸಿಗೋ ತನಕ ಆ ಚಾಪ್ಟರ್ ಓದಲ್ಲ. ಕಾಂಪ್ಲೆಕ್ಸ್ ನಂಬರ್‌ಗೆ ಕೆಪಾಸಿಟರ್ ಪ್ಯಾನಲ್: ನೂರು ಕೆವಿಎ ಲೋಡು, ಪವರ್ ಫ್ಯಾಕ್ಟರ್ 0.8, ಎಂಬತ್ತು ಕಿಲೋವ್ಯಾಟ್ (ಕೆಲಸ ಮಾಡೋ ಪವರ್) ಒಂದು ಕಡೆ, ಅರವತ್ತು ಕೆವಿಎಆರ್ (ಸುಮ್ನೆ ಓಡಾಡೋ ರಿಯಾಕ್ಟಿವ್ ಪವರ್) ಇನ್ನೊಂದು ಕಡೆ, ಆ ಅರವತ್ತೇ ಕಾಂಪ್ಲೆಕ್ಸ್ ನಂಬರಲ್ಲಿ ಜೆ ಇರೋ ಇಮ್ಯಾಜಿನರಿ ಪಾರ್ಟು. ಕೆಪಾಸಿಟರ್ ಹಾಕಿದ್ರೆ ಅದು ಇಳಿಯುತ್ತೆ, ಎಂಬತ್ತು ಹಂಗೇ ಇರುತ್ತೆ. ಡಿಫರೆನ್ಷಿಯಲ್ ಈಕ್ವೇಷನ್‌ಗೆ ರೂಮಲ್ಲೇ ಒಂದು ಆಟ ಆಡ್ದೆ. ಸಾವಿರ ಮೈಕ್ರೋಫ್ಯಾರಡ್ ಕೆಪಾಸಿಟರು, 47 ಕಿಲೋ ಓಮ್ ರೆಸಿಸ್ಟರು, 24 ವೋಲ್ಟ್ ಎಸ್‌ಎಂಪಿಎಸ್ಸು (ಡಿಸಿ ಸಪ್ಲೈ). ಚಾರ್ಜ್ ಮಾಡಿ ಸಪ್ಲೈ ಕಿತ್ತು ಮಲ್ಟಿಮೀಟರ್ ಹಿಡ್ಕೊಂಡು ಮೊಬೈಲ್ ಸ್ಟಾಪ್‌ವಾಚ್ ಒತ್ತೋದು. ಲೆಕ್ಕದ ಪ್ರಕಾರ (ಆರ್ ಇಂಟು ಸಿ) 47 ಸೆಕೆಂಡಿಗೆ ಹೆಚ್ಚುಕಮ್ಮಿ 9 ವೋಲ್ಟಿಗೆ ಇಳೀಬೇಕು, ಬಂತು. ಅದರ ಬದಲು ಅಷ್ಟೇ ಬೆಲೆ ಬರೆದಿರೋ ಇನ್ನೊಂದು ಕೆಪಾಸಿಟರ್ ಹಾಕಿದ್ರೆ ಐವತ್ತು ಸೆಕೆಂಡಿನ ಮೇಲೆ ಹೋಯ್ತು, ಟಾಲರೆನ್ಸ್ ಅನ್ನೋದು ಯಾಕೆ ಬರೀತಾರೆ ಅಂತ ಆವತ್ತು ಗೊತ್ತಾಯ್ತು. ಪಕ್ಕದ ಮಂಚದ ಬಿಹಾರಿ ಹುಡುಗ ನನಗೆ ಹುಚ್ಚು ಅಂದ್ಕೊಂಡಿದ್ದ. ಆಮೇಲೆ ಫ್ಯಾನ್ ಸ್ವಿಚ್ ಆಫ್ ಮಾಡಿ ನಿಲ್ಲೋ ತನಕ ಟೈಮ್ ನೋಡಿ ಗ್ರಾಫ್ ಹಾಕಿದೆ, ಅದು ಸರಿ ಬರ್ಲಿಲ್ಲ, ಗಾಳಿ ಬೇರೆ ಬೇರಿಂಗ್ ಬೇರೆ, ಬಿಟ್ಟೆ.

2018ರಲ್ಲಿ ಮತ್ತೆ ಬರ್ದೆ, ತುಮಕೂರಲ್ಲೇ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಸಿಕ್ತು. ಪರೀಕ್ಷೇಲಿ ಯಾವ ಚಾಪ್ಟರ್ ಪೂರ್ತಿ ಬಿಟ್ಟೆ, ಯಾವುದನ್ನ ಮೊದಲು ಮುಟ್ಟಿದೆ ಅನ್ನೋದು ಇಲ್ಲಿ ಬರೆಯಲ್ಲ, ನಮ್ಮೂರಿನ ಇಬ್ರು ಹುಡುಗ್ರು ಬರೆಯೋರಿದಾರೆ, ಅವರಿಗೆ ಮಾತ್ರ. ಅದೂ ಅಲ್ದೆ ಈಗ ಪ್ಯಾಟರ್ನ್ ಬೇರೆ, ಐದು ಸಬ್ಜೆಕ್ಟು, ಇಪ್ಪತ್ತಿಪ್ಪತ್ತು ಮಾರ್ಕ್ಸು.

ಬಿಇ ಸೇರಿದ್ಮೇಲೆ ನಮ್ಮ ಸ್ಕೀಮಲ್ಲಿ ಮ್ಯಾಟ್‌ಡಿಪ್ ಇತ್ತು, ಲ್ಯಾಟರಲ್‌ನೋರಿಗೆ ಅಂತ್ಲೇ ವಿಟಿಯು (ನಮ್ಮ ಯೂನಿವರ್ಸಿಟಿ) ಇಟ್ಟಿದ್ದ ಎಕ್ಸ್‌ಟ್ರಾ ಮ್ಯಾಥ್ಸು. ಪಾಸಾಗ್ದೆ ಡಿಗ್ರಿ ಕೊಡ್ತಿರ್ಲಿಲ್ಲ. ಸೀನಿಯರ್‌ಗಳು "ಕೊನೇಲಿ ನೋಡ್ಕೊಂಡ್ರಾಯ್ತು" ಅಂತಿದ್ರು, ಹಂಗಂದು ಕೊನೇ ಸೆಮ್ ತನಕ ಎಳ್ಕೊಂಡೋರನ್ನ ನೋಡಿದೀನಿ. ನಂದು ಒಂದು ಪೇಪರ್ ಉಳೀತು, ಮುಂದಿನ ಸೆಮ್‌ನಲ್ಲಿ ತೆಗೆದೆ.

ದುಡ್ಡಿನ ವಿಷಯ. ಫೀಸು, ಬಸ್ಸು, ಪುಸ್ತಕ, ಊಟ ಎಲ್ಲ ಸೇರಿ ವರ್ಷಕ್ಕೆ ಎಪ್ಪತ್ತು ಎಂಬತ್ತು ಸಾವಿರ ಆಗ್ತಿತ್ತು ಅನ್ಸುತ್ತೆ. ಸ್ಕಾಲರ್‌ಶಿಪ್ಪು, ಅಪ್ಪನ ಲೇಬರ್ ಕಾರ್ಡಿಂದ ಬಂದಿದ್ದು ಸೇರಿ ಕಾಲು ಭಾಗ. ಉಳಿದಿದ್ದಕ್ಕೆ ಭಾನುವಾರ ಮನೆ ವೈರಿಂಗು, ಬೇಸಿಗೇಲಿ ವೈಂಡಿಂಗು. ಪಾಯಿಂಟ್ ಲೆಕ್ಕದಲ್ಲಿ ಒಪ್ಕೊಳ್ತಿದ್ದೆ, ಪೈಪ್ ಹಾಕಿದಾಗ ಅರ್ಧ, ವೈರ್ ಎಳೆದಾಗ ಕಾಲು, ಮೀಟರ್ ಬಂದ್ಮೇಲೆ ಉಳಿದಿದ್ದು. ಆ ಕೊನೇ ಕಾಲು ಭಾಗ ಬರೋದೇ ಅಪರೂಪ, ಒಬ್ಬ ಮನೆ ಓನರ್ ಗೃಹಪ್ರವೇಶಕ್ಕೆ ಕರೆದು ಹೋಳಿಗೆ ಹಾಕ್ಸಿ ಮೂವತ್ತು ಸಾವಿರ ಕೈ ಎತ್ತಿದ. ಒಂದ್ಸಲ ಫೀಸ್‌ಗೆ ಅಮ್ಮನ ಚೀಟಿ ಎತ್ತಿದ್ದೂ ಆಯ್ತು.

ಮಧ್ಯೆ ರೈಲ್ವೆ ಎಎಲ್‌ಪಿನೂ (ಅಸಿಸ್ಟೆಂಟ್ ಲೋಕೋ ಪೈಲಟ್) ಬರ್ದೆ, 2018ರ ನೋಟಿಫಿಕೇಷನ್ನು. ಎರಡನೇ ಹಂತದಲ್ಲಿ ಟ್ರೇಡ್ ಪೇಪರ್‌ಗೆ 35 ಪರ್ಸೆಂಟ್ ತೆಗೆದ್ರೆ ಸಾಕು, ಐಟಿಐನೋರಿಗೆ ಅದು ನೀರು ಕುಡಿದಂಗೆ. ಆಪ್ಟಿಟ್ಯೂಡ್ ಟೆಸ್ಟಲ್ಲಿ ಹೊರಗೆ ಬಿದ್ದೆ, ಅದ್ರಲ್ಲಿ ಪ್ರತಿ ಬ್ಯಾಟರೀಲೂ (ಟೆಸ್ಟಿನ ಭಾಗಕ್ಕೆ ಹಂಗಂತಾರೆ) 42 ಟಿ ಸ್ಕೋರ್ ಬರ್ಬೇಕು, ಒಂದ್ರಲ್ಲಿ ಕಮ್ಮಿ ಆದ್ರೂ ಮನೆಗೆ. ಬೇಜಾರೇನಿಲ್ಲ, ಬಂದಿದ್ರೆ ಬಿಇ ಅರ್ಧಕ್ಕೇ ನಿಲ್ತಿತ್ತು.

ಕ್ಯಾಂಪಸ್ ಪ್ಲೇಸ್‌ಮೆಂಟ್ ನಂಬ್ಬೇಡಿ. ಫಾರಂನಲ್ಲಿ ಟೆಂತು, ಪಿಯುಸಿ ಇಲ್ಲ ಡಿಪ್ಲೊಮಾ, ಬಿಇ, ಇಷ್ಟೇ ಕಾಲಂ ಇತ್ತು, ಐಟಿಐ ಬರೆಯೋಕೆ ಜಾಗಾನೇ ಇಲ್ಲ, ಮೇಲೆ ಗ್ಯಾಪ್ ಯಾಕೆ ಅಂತ ಪ್ರಶ್ನೆ. 2021ರಲ್ಲಿ ನಾನೇ ತುಮಕೂರು ಹತ್ರದ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫ್ಯಾಕ್ಟರಿ ಫ್ಯಾಕ್ಟರಿ ಅಲೆದು, ಸಬ್‌ಸ್ಟೇಷನ್ ಟೆಸ್ಟಿಂಗ್ ಮಾಡೋ ಒಂದು ಸಣ್ಣ ಕಂಪನಿ ಹಿಡಿದೆ. ಇಂಟರ್‌ವ್ಯೂಲಿ ಟೇಬಲ್ ಮೇಲೆ ಒಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಇಟ್ಟು ಪೊಲಾರಿಟಿ ಹೇಳು ಅಂದ್ರು. ಒಂಬತ್ತು ವೋಲ್ಟ್ ಬ್ಯಾಟರಿ, ಮುಳ್ಳಿನ ಮೀಟರ್ ಕೊಡಿ ಸರ್ ಅಂದೆ, ಮೀಟರ್ ಸೆಕೆಂಡರಿಗೆ ಕಟ್ಟಿ, ಬ್ಯಾಟರಿ ಪ್ರೈಮರಿಗೆ ತಾಕ್ಸಿ ಮುಳ್ಳು ಯಾವ ಕಡೆ ಹೊಡೀತು ತೋರಿಸ್ದೆ. ಜೊತೇಲಿ ಬಂದಿದ್ದ ಡಿಸ್ಟಿಂಕ್ಷನ್ ಹುಡುಗ್ರು ಥಿಯರಿ ಹೇಳ್ತಾ ಇದ್ರು. ಸೇರ್ದಾಗ ಹದಿನೆಂಟು ಸಾವಿರ, ಈಗ ನಲವತ್ತೈದರ ಆಸುಪಾಸು, ಸೈಟ್ ಭತ್ಯೆ ಬೇರೆ. ಯಾವ ಫ್ಯಾಕ್ಟರೀಲಿ ಯಾರನ್ನ ಏನು ಕೇಳ್ಬೇಕು ಅನ್ನೋದು ನನ್ನ ಹೊಟ್ಟೆಪಾಡು, ಅದನ್ನ ಕೇಳ್ಬೇಡಿ. ಅಂದಹಾಗೆ ದೊಡ್ಡಪ್ಪ ಮೊನ್ನೆ ಮೊಮ್ಮಗನ್ನ ಎಲೆಕ್ಟ್ರಿಷಿಯನ್ ಟ್ರೇಡ್‌ಗೇ ಹಾಕ್ಸಿದಾರೆ.

ಹೋಗೋರು ಇವತ್ತೇ ಒಂದು ನೋಡ್ಕೊಳ್ಳಿ: ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಎನ್‌ಟಿಸಿ (ಐಟಿಐ ಸರ್ಟಿಫಿಕೇಟು), ಆಧಾರ್, ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗು ಇನಿಷಿಯಲ್ಲು ಒಂದೇ ಇರ್ಬೇಕು. ನಮ್ಮ ಬ್ಯಾಚಿನೋನೊಬ್ಬ ಒಂದು ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೆ ವೆರಿಫಿಕೇಷನ್‌ನಲ್ಲಿ ಸಿಕ್ಕಾಕ್ಕೊಂಡು ಒಂದು ವರ್ಷ ಕಳ್ಕೊಂಡ. ಹಳ್ಳೀಲಿ ಕನ್ನಡ ಮೀಡಿಯಂ ಓದಿದ್ರೆ ಗ್ರಾಮೀಣ, ಕನ್ನಡ ಮಾಧ್ಯಮ ಸರ್ಟಿಫಿಕೇಟಿಗೆ ಸ್ಕೂಲು, ಬಿಇಓ ಆಫೀಸು ಸುತ್ತಬೇಕು, ಬೇಸಿಗೆ ರಜೆಗೆ ಬೀಗ ಬೀಳೋ ಮುಂಚೆ ಮುಗಿಸ್ಕೊಳ್ಳಿ.