‘ಗಿಫ್ಟ್’ ಪದದ ಜಾಡು ಹಿಡಿಯುವುದು ಹೇಗೆ

ಚಿಕ್ಕಪೇಟೆಯಲ್ಲಿ ಮದುವೆಗೆಂದು ಕೊಳ್ಳುವ ಗಿಫ್ಟ್ ಉಡುಗೊರೆ. ಪೀಣ್ಯದ ಕಾರ್ಖಾನೆಗೆ ಬಂದ ಜರ್ಮನ್ ಡಬ್ಬಿಯ ಮೇಲೆ ಅದೇ ಅಕ್ಷರಗಳಿದ್ದರೆ ವಿಷ. ಸ್ವೀಡಿಷ್‌ನಲ್ಲಿ ‘ಗಿಫ್ಟ್’ ಎಂದರೆ ‘ಮದುವೆಯಾಗಿದೆ’. ವಿಷ ಎಂದೂ ಹೌದು. ಇಂಥ ಪದವನ್ನು ಬಿಡಿಸುವಾಗ ನೇರ ಮೂಲಕ್ಕೆ ಹಾರಬೇಡಿ.

ಒಂದು ಹಾಳೆಯಲ್ಲಿ ಭಾಷೆ, ರೂಪ, ಲಿಂಗ, ಅರ್ಥ, ಹಳೆಯ ಅರ್ಥ ಎಂದು ಐದು ಅಂಕಣ ಹಾಕಿಕೊಳ್ಳಿ. ಲಿಂಗದ ಅಂಕಣ ಬಿಡುವವರೇ ಹೆಚ್ಚು, ಎಡವುವುದೂ ಅಲ್ಲೇ. ಇಂದಿನ ಜರ್ಮನ್‌ನಲ್ಲಿ ವಿಷ ನಪುಂಸಕಲಿಂಗ, ‘ದಾಸ್ ಗಿಫ್ಟ್’. ಕೊಡುಗೆ ಎಂಬ ಹಳೆಯ ಅರ್ಥದಲ್ಲಿ ಅದು ಸ್ತ್ರೀಲಿಂಗವಾಗಿತ್ತು. ಆ ಅರ್ಥ ಪೂರ್ತಿ ಸತ್ತಿಲ್ಲ: ವರದಕ್ಷಿಣೆಗೆ ಈಗಲೂ ‘ಮಿಟ್‌ಗಿಫ್ಟ್’. ಡಚ್ಚರು ‘ಗಿಫ್ಟ್’ ಅನ್ನು ದಾನಕ್ಕೆ ಇಟ್ಟುಕೊಂಡು ವಿಷಕ್ಕೆ ‘ಗಿಫ್’, ‘ವರ್‌ಗಿಫ್’ ಎನ್ನುತ್ತಾರೆ.

ಈ ಅಂಕಣಗಳನ್ನು ತುಂಬಲು ಡಿಡಬ್ಲ್ಯೂಡಿಎಸ್ (DWDS) ಎಂಬ ಜರ್ಮನ್ ನಿಘಂಟುಗಳ ಜಾಲತಾಣ ಸಾಕು. ಫೈಫರ್ ಅವರ ವ್ಯುತ್ಪತ್ತಿಕೋಶ ಅಲ್ಲಿ ಉಚಿತ. 1854ರಲ್ಲಿ ಮೊದಲ ಸಂಪುಟ ಹೊರಬಂದು 1961ರಲ್ಲಿ ಮುಗಿದ ಗ್ರಿಮ್ ಸಹೋದರರ ಮಹಾಕೋಶವೂ ಅಲ್ಲೇ ಸಿಗುತ್ತದೆ. ಜರ್ಮನ್ ಓದಲು ತೊಡಕಾದರೆ ಇಂದಿರಾನಗರದ ಗೊಯ್ಥೆ ಸಂಸ್ಥೆಯಲ್ಲಿ ಕಲಿಯುತ್ತಿರುವ ಗೆಳೆಯರನ್ನು ಹಿಡಿಯಿರಿ. ಕೋಶದಲ್ಲಿ ಪದದ ಮೊದಲಲ್ಲಿ ನಕ್ಷತ್ರ ಚಿಹ್ನೆ (*) ಇದ್ದರೆ ಅದು ಬರಹದಲ್ಲಿ ಸಿಕ್ಕಿದ್ದಲ್ಲ, ವಿದ್ವಾಂಸರು ಕಟ್ಟಿಕೊಂಡ ರೂಪ. ನಿಮ್ಮ ಹಾಳೆಗೂ ಆ ಚಿಹ್ನೆಯನ್ನು ತಪ್ಪದೆ ಇಳಿಸಿಕೊಳ್ಳಿ.

ಮುಂದಿನದು ಧ್ವನಿಯ ಪರೀಕ್ಷೆ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು ಎಂಬುದು ನಮಗೆ ಗೊತ್ತು. ಅಂಥದ್ದೇ ನಿಯಮದಲ್ಲಿ ಲ್ಯಾಟಿನ್‌ನ ‘ಪ’ ಇರುವ ಕಡೆ ಇಂಗ್ಲಿಷ್‌ನಲ್ಲಿ ‘ಫ’ ಬರುತ್ತದೆ: ಪಾತೆರ್, ಫಾದರ್. ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ಕ್ರಮವಾಗಿ ಬರೆದಿಟ್ಟರು. ನಿಯಮಕ್ಕೆ ಕೂಡದ ಹೋಲಿಕೆಯನ್ನು ನಂಬಬೇಡಿ. ಲ್ಯಾಟಿನ್ ‘ಹಬೆರೆ’, ಜರ್ಮನ್ ‘ಹಾಬೆನ್’ ಎರಡಕ್ಕೂ ‘ಹೊಂದಿರು’ ಎಂಬ ಅರ್ಥ, ಆದರೂ ನಂಟಿಲ್ಲ. ನಿಯಮ ಮುರಿದಂತೆ ಕಂಡರೆ ಎರವಲನ್ನು ಶಂಕಿಸಿ. ಹಳೆಯ ಇಂಗ್ಲಿಷ್‌ನಲ್ಲಿ ನಮ್ಮ ಪದ ‘ಯ’ಕಾರದಿಂದ ಶುರುವಾಗುತ್ತಿತ್ತು, ಅರ್ಥ ಕನ್ಯಾಶುಲ್ಕ. ಇಂದಿನ ಗಟ್ಟಿ ‘ಗ’ಕಾರ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು.

ಎಲ್ಲಕ್ಕೂ ಬೇರು ‘ಕೊಡು’ ಎಂಬ ಕ್ರಿಯೆ. ಅಲ್ಲಿಂದ ಅರ್ಥ ಮದುವೆಗೂ ವಿಷಕ್ಕೂ ಹೇಗೆ ಜಿಗಿಯಿತು? ಕೆಲಸದ ಸ್ವಾರಸ್ಯ ಇಲ್ಲಿದೆ. ಒಂದು ಜಿಗಿತವನ್ನು ಒಪ್ಪುವ ಮುನ್ನ ಅದು ಬೇರೆ ಭಾಷೆಯಲ್ಲೂ ಆಗಿದೆಯೇ ನೋಡಿ. ಮದುವೆಗೆ ದೂರ ಹೋಗಬೇಕಿಲ್ಲ. ‘ಮಗಳನ್ನು ಮಂಡ್ಯಕ್ಕೆ ಕೊಟ್ಟಿದ್ದಾರೆ’ ಅನ್ನುತ್ತೇವಲ್ಲ, ಸ್ವೀಡಿಷ್ ಪದದೊಳಗೆ ಇರುವುದೂ ಹೆಣ್ಣು ಕೊಡುವ ಇದೇ ಲೆಕ್ಕಾಚಾರ. ವಿಷದ ದಾರಿ ಔಷಧದ ಮೂಲಕ ಹೋಗುತ್ತದೆ: ಗ್ರೀಕ್ ‘ದೋಸಿಸ್’ ಎಂದರೆ ಕೊಡುವುದು, ಆಮೇಲೆ ಒಂದು ಸಲಕ್ಕೆ ಕೊಡುವ ಮದ್ದಿನ ಪ್ರಮಾಣ. ನಮ್ಮ ಲಸಿಕೆಯ ‘ಡೋಸ್’ ಅದೇ. ಆ ಪದದ ಅಚ್ಚಿನಲ್ಲಿ ಜರ್ಮನ್ನರು ‘ಗಿಫ್ಟ್’ ಅನ್ನು ಬಳಸಿದರು. ಕೊಟ್ಟದ್ದು ಏನೆಂದು ಬಾಯಿಬಿಟ್ಟು ಹೇಳದ ಮರೆಮಾತು ಕಡೆಗೆ ವಿಷದ ಹೆಸರೇ ಆಯಿತು. ಕನ್ನಡದ ಸಾಕ್ಷಿ ‘ಮದ್ದು’. ಜ್ವರಕ್ಕೆ ಕೊಡುವುದೂ ಮದ್ದು, ಊಟದಲ್ಲಿ ಬೆರೆಸಿ ಕೊಲ್ಲುವ ‘ಕೈಮದ್ದೂ’ ಮದ್ದು. ಇಂಥ ಜೋಡಿಗಳನ್ನು ಹುಡುಕಲು ಕಿಟ್ಟೆಲ್ಲರ 1894ರ ನಿಘಂಟು ಪಕ್ಕದಲ್ಲಿರಲಿ, ಎಂ.ಜಿ. ರಸ್ತೆಯ ಪ್ರತಿಮೆಗೆ ಕೈಮುಗಿದರೆ ಸಾಲದು.

ಕೈ ಪಳಗಿಸಲು ಫ್ರೆಂಚ್‌ನ ‘ಪ್ವಾಝೋಂ’ ತೆಗೆದುಕೊಳ್ಳಿ. ಅದೂ ವಿಷವೇ, ಹುಟ್ಟಿದ್ದು ಮಾತ್ರ ‘ಪಾನೀಯ’ ಎಂಬ ಲ್ಯಾಟಿನ್ ಪದದಿಂದ. ಬರೆದುಕೊಳ್ಳುವಾಗ ‘ಎಸ್’ ಅಕ್ಷರಗಳನ್ನು ಎಣಿಸಿ. ಒಂದಿದ್ದರೆ ವಿಷ, ಎರಡಿದ್ದರೆ ‘ಪ್ವಾಸೋಂ’, ಅಂದರೆ ಮೀನು. ಮೀನಿನ ಮೂಲ ಲ್ಯಾಟಿನ್ ‘ಪಿಸ್ಕಿಸ್’. ಮೇಲಿನ ಪ–ಫ ನಿಯಮ ಹಾಕಿ ನೋಡಿ, ಇಂಗ್ಲಿಷ್‌ನ ‘ಫಿಶ್’ ತಾನಾಗಿ ಬಂದು ಕೂರುತ್ತದೆ.