ಹಸಿರು ದೀಪ ತೆಗೆದ ಮೇಲೆ

ವಿನ್ಯಾಸ ವಿದ್ಯಾರ್ಥಿಗಳಿಗೆ ಕಟ್ಟಡ ನಿರ್ಮಾಣ ಕಲಿಸುವಾಗ ನನಗೆ ಪ್ರತಿ ವರ್ಷ ಎದುರಾಗುತ್ತಿದ್ದ ಸಂಕಟ ಒಂದೇ. ಕಟ್ಟಡವನ್ನು ಸೀಳಿದಂತೆ ಒಳಗನ್ನು ತೋರಿಸುವ ಸೆಕ್ಷನ್ ನಕ್ಷೆಯನ್ನು ಅಚ್ಚುಕಟ್ಟಾಗಿ ಬರೆಯುತ್ತಾರೆ. ತಳಪಾಯ, ಪ್ಲಿಂತ್ (ನೆಲಮಟ್ಟದ ಕಟ್ಟು), ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ತೊಲೆ), ಸ್ಲ್ಯಾಬ್ ಎಲ್ಲ ಇರಬೇಕಾದ ಜಾಗದಲ್ಲೇ ಇರುತ್ತವೆ. "ಇದರಲ್ಲಿ ಯಾವುದು ಮೊದಲು, ಅದಾದ ಎಷ್ಟು ದಿನಕ್ಕೆ ಮುಂದಿನದು?" ಎಂದು ಕೇಳಿದರೆ ಮಾತ್ರ ತರಗತಿ ಗಪ್‌ಚುಪ್. ನಕ್ಷೆಯಲ್ಲಿ ಎಲ್ಲವೂ ಒಟ್ಟಿಗೇ ಮುಗಿದು ನಿಂತಿರುತ್ತದಲ್ಲ! ಸೈಟಿಗೆ ಕರೆದೊಯ್ದರೂ ಅಂದು ನಡೆಯುತ್ತಿರುವ ಒಂದು ಹಂತವಷ್ಟೇ ಕಣ್ಣಿಗೆ ಬೀಳುತ್ತದೆ. ಹೆಡ್‌ಸೆಟ್ ಹಾಕಿಕೊಂಡು ಒಳಹೊಕ್ಕು ಕಟ್ಟಡ ಕಟ್ಟುವ ವಿಆರ್ (ವರ್ಚುವಲ್ ರಿಯಾಲಿಟಿ) ಆಟಕ್ಕೆ ನಾನು ಕೈ ಹಾಕಿದ್ದು ಇದಕ್ಕಾಗಿ.

ಶುರುವಿನಲ್ಲಿ ದಡ್ಡತನ ಮಾಡಿದೆ. ಕಟ್ಟಡ ವಿನ್ಯಾಸದ ತಂತ್ರಾಂಶ ರೆವಿಟ್‌ನಲ್ಲಿದ್ದ ಇಡೀ ಮನೆಯ ಮಾದರಿಯನ್ನು ಹಾಗೇ ಎತ್ತಿ, ಆಟ ತಯಾರಿಸುವ ತಂತ್ರಾಂಶ ಯುನಿಟಿಗೆ ತುಂಬಿದೆ. ಬಾಗಿಲ ಹಿಡಿಕೆ, ಸ್ಕ್ರೂ ಸಮೇತ. ಹೆಡ್‌ಸೆಟ್‌ಗೆ ಸೆಕೆಂಡಿಗೆ ಕನಿಷ್ಠ 72 ಚಿತ್ರ ಬೇಕು. ನನ್ನ ಮನೆ ಅದರ ಅರ್ಧವನ್ನೂ ಮುಟ್ಟಲಿಲ್ಲ. ತಲೆ ತಿರುಗಿಸಿದರೆ ಗೋಡೆ ತಡವಾಗಿ ಹಿಂದೆ ಬರುತ್ತಿತ್ತು. ಮೊದಲು ಹಾಕಿಕೊಂಡವಳು ಎರಡೇ ನಿಮಿಷಕ್ಕೆ ಹೊಟ್ಟೆ ತೊಳಸುತ್ತಿದೆ ಎಂದು ಕುಳಿತುಬಿಟ್ಟಳು. ಮನೆಯನ್ನು ಕೈಬಿಟ್ಟು ಒಂದು ಕೋಣೆ, ಒಂದು ಬಾಗಿಲು, ಒಂದು ಕಿಟಕಿ, ಅದರ ಮೇಲೊಂದು ಸಜ್ಜಾ (ಗೋಡೆಯಿಂದ ಹೊರಚಾಚಿದ ಕಾಂಕ್ರೀಟ್ ಹಲಗೆ), ಇಷ್ಟಕ್ಕೆ ಇಳಿದೆ. ನಡೆದಾಡುವ ಬದಲು ಬೊಟ್ಟು ಮಾಡಿದ ಜಾಗಕ್ಕೆ ನೇರ ಜಿಗಿಯುವಂತೆ ಮಾಡಿದೆ. ತಲೆಸುತ್ತು ಬಹುಮಟ್ಟಿಗೆ ನಿಂತಿತು.

ಎರಡನೇ ತಪ್ಪು ಇನ್ನೂ ದೊಡ್ಡದು, ಆದರೆ ಅದು ತಪ್ಪೆಂದು ತಿಳಿಯಲು ಒಂದು ಸೆಮಿಸ್ಟರ್ ಹಿಡಿಯಿತು. ಇಟ್ಟಿಗೆಯನ್ನೋ ಕಂಬಿಯನ್ನೋ ಸರಿಯಾದ ಜಾಗಕ್ಕೆ ತಂದರೆ ಹಸಿರು ದೀಪ, ಅಂಕ, ಟಿಂಗ್ ಎನ್ನುವ ಸದ್ದು. ಎಲ್ಲರಿಗೂ ಭರ್ತಿ ಅಂಕ ಬಂತು, ನಾನೂ ಹಿಗ್ಗಿದೆ. ಆಮೇಲೆ ಕಾಗದದ ಮೇಲೆ ಅದೇ ಪ್ರಶ್ನೆ ಕೊಟ್ಟರೆ ಹಳೆಯ ಕಥೆಯೇ. ಅವರು ಯೋಚಿಸುತ್ತಲೇ ಇರಲಿಲ್ಲ. ಕಂಬಿ ಹಿಡಿದು ಹಸಿರು ಬರುವವರೆಗೆ ಅತ್ತಿತ್ತ ಆಡಿಸುತ್ತಿದ್ದರು. ನಿಜವಾದ ಕಟ್ಟಡದಲ್ಲಿ ತಪ್ಪು ಮಾಡಿದ ಕ್ಷಣಕ್ಕೆ ಯಾವ ದೀಪವೂ ಉರಿಯುವುದಿಲ್ಲ. ಕಾಂಕ್ರೀಟು ಬಿದ್ದು, ಕ್ಯೂರಿಂಗ್ ಆಗಿ (ನೀರುಣಿಸಿ ಗಟ್ಟಿಯಾಗಿಸಿ), ಅದನ್ನು ಹೊತ್ತು ನಿಂತ ತಾತ್ಕಾಲಿಕ ಹಲಗೆ-ಊರುಗೋಲುಗಳ ಸೆಂಟ್ರಿಂಗ್ ಬಿಚ್ಚಿದ ದಿನ ಆ ತಪ್ಪು ಹೊರಗೆ ಬರುತ್ತದೆ.

ಅಂಕ, ದೀಪ, ಸದ್ದು ಮೂರನ್ನೂ ಕಿತ್ತೆ. ಏನನ್ನು ಎಲ್ಲಿ ಬೇಕಾದರೂ ಇಡಲಿ, ಆಟ ತುಟಿ ಬಿಚ್ಚುವುದಿಲ್ಲ. ದಿನ ಮುಂದೂಡಲು ಒಂದು ಗುಂಡಿ, ಸೆಂಟ್ರಿಂಗ್ ಬಿಚ್ಚಲು ಇನ್ನೊಂದು.

ಪಾಠ ನಡೆದದ್ದು ಸಜ್ಜಾದ ಹತ್ತಿರ. ಎರಡು ಗೋಡೆಗಳ ಮೇಲೆ ಕೂತ ಸ್ಲ್ಯಾಬ್ ನಡುವೆ ಜಗ್ಗುತ್ತದೆ, ಎಳೆತ ಕೆಳಗಡೆ, ಹಾಗಾಗಿ ಮುಖ್ಯ ಕಂಬಿಯೂ ಕೆಳಗೆ. ಒಂದೇ ಕಡೆ ಹಿಡಿತವಿರುವ ಸಜ್ಜಾದಲ್ಲಿ ಇದು ತಿರುಗುಮುರುಗು: ಎಳೆತ ಮೇಲ್ಭಾಗದಲ್ಲಿ, ಕಂಬಿಯೂ ಅಲ್ಲೇ ಇರಬೇಕು. ಕಾಂಕ್ರೀಟು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಅದರ ಹತ್ತನೇ ಒಂದು ಭಾಗದಷ್ಟೂ ತಾಳುವುದು ಕಷ್ಟ. ಇದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಆದರೂ ಹೆಚ್ಚಿನವರು ಸ್ಲ್ಯಾಬಿನ ಅಭ್ಯಾಸದಲ್ಲೇ ಕಂಬಿಯನ್ನು ಕೆಳಗೆ ಇಟ್ಟರು. 28 ದಿನ ದಾಟಿಸಿ, ಸೆಂಟ್ರಿಂಗ್ ಬಿಚ್ಚಿ, ಕೆಳಗೇ ನಿಂತು ತಲೆ ಎತ್ತಿದರು. ಗೋಡೆಯ ಅಂಚಿನಲ್ಲಿ ಬಿರುಕು ಬಿಟ್ಟು ಸಜ್ಜಾ ಅವರ ಮೇಲೇ ಕಳಚಿ ಬಿತ್ತು. ಒಬ್ಬ ಕಿರುಚಿ ಹಿಂದಕ್ಕೆ ಹಾರಿ ನಿಜವಾದ ಮೇಜಿಗೆ ಡಿಕ್ಕಿ ಹೊಡೆದ. (ಅಂದಿನಿಂದ ಸುತ್ತ ಎರಡು ಮೀಟರ್ ಖಾಲಿ ಬಿಡಿಸುತ್ತೇನೆ.) ಗುಟ್ಟು ಹೇಳಬೇಕೆಂದರೆ ಆ ಕುಸಿತದ ಹಿಂದೆ ದೊಡ್ಡ ಲೆಕ್ಕಾಚಾರವೇನೂ ಇಲ್ಲ. ಕಂಬಿಯು ಸಜ್ಜಾದ ದಪ್ಪದ ಅರ್ಧಕ್ಕಿಂತ ಕೆಳಗಿದ್ದರೆ ಬೀಳಲಿ ಎಂದು ನಾಲ್ಕು ಸಾಲು ಕೋಡ್, ಅಷ್ಟೇ.

ಹೆಡ್‌ಸೆಟ್ ಇದ್ದದ್ದು ಕೆಲವೇ, ಮಕ್ಕಳು ಹೆಚ್ಚು. ಆಗ 2015ರಲ್ಲಿ ಬಂದ 'ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್' ಆಟದ ಉಪಾಯವನ್ನು ಎರವಲು ತಂದೆ. ಅದರಲ್ಲಿ ಒಬ್ಬರಿಗೆ ಬಾಂಬ್ ಕಾಣುತ್ತದೆ, ಕೈಪಿಡಿ ಇರುವುದು ಮತ್ತೊಬ್ಬರ ಬಳಿ. ನನ್ನಲ್ಲಿ ಒಬ್ಬರ ತಲೆಗೆ ಹೆಡ್‌ಸೆಟ್, ಇನ್ನೊಬ್ಬರ ಕೈಗೆ ನಕ್ಷೆ. "ಅದನ್ನು ಅಲ್ಲಿಡು" ಎಂದರೆ ನಡೆಯುವುದಿಲ್ಲ. "ರಿಂಗಿನ ಒಳಗೆ, ಮೇಲಿನ ಮೂಲೆಗೆ, ಕವರ್ ಬಿಟ್ಟು" ಎಂದು ಬಾಯಿಬಿಟ್ಟು ಹೇಳಲೇಬೇಕು. (ರಿಂಗ್ ಎಂದರೆ ಕಂಬಿಗಳನ್ನು ಸುತ್ತಿ ಹಿಡಿಯುವ ಸರಳು, ಕವರ್ ಎಂದರೆ ಕಂಬಿಯ ಹೊರಗೆ ಉಳಿಸುವ ಕಾಂಕ್ರೀಟಿನ ಪದರ.) ನಕ್ಷೆ ಹಿಡಿದವರೇ ಹೆಚ್ಚು ಕಲಿತರು ಎಂಬುದು ನನ್ನ ಅನಿಸಿಕೆ, ಅಳೆದು ನೋಡಿಲ್ಲ.

ಭಾರ ಮಾತ್ರ ಈ ಆಟಕ್ಕೆ ಒಗ್ಗಲಿಲ್ಲ. ಅಲ್ಲಿ ಇಟ್ಟಿಗೆ ಗರಿಯಂತೆ ಏಳುತ್ತದೆ, ಗಾರೆ ಜಾರುವುದಿಲ್ಲ. ಹೀಗಾಗಿ ಹೆಡ್‌ಸೆಟ್ ಪಕ್ಕದಲ್ಲೇ ಮೂರು ಕಿಲೋ ಆಸುಪಾಸಿನ ನಿಜವಾದ ಇಟ್ಟಿಗೆ ಇಟ್ಟಿರುತ್ತೇನೆ. ಐದು ವರಸೆ ಇಟ್ಟಿಗೆ ಸಾಲು ಕೈಯಾರೆ ಕಟ್ಟಿ, ನೆಟ್ಟಗಿದೆಯೇ ಎಂದು ತೂಗುಗುಂಡು ಹಿಡಿದು ನೋಡಿದ ಮೇಲೆಯೇ ಆಟ.

ಕಳೆದ ಸಲ, ಕಂಬಿಯನ್ನು ಸರಿಯಾಗಿ ಮೇಲೇ ಇಟ್ಟು ಗೆದ್ದ ಹುಡುಗಿ ಹೆಡ್‌ಸೆಟ್ ಬಿಚ್ಚುತ್ತಾ ಕೇಳಿದಳು: "ಸರ್, ಕಾಂಕ್ರೀಟ್ ಹಾಕುವವರು ಇದರ ಮೇಲೇ ನಡೆಯುತ್ತಾರಲ್ಲ, ತುಳಿದರೆ ಕಂಬಿ ಕೆಳಗೆ ಹೋಗಲ್ವಾ?" ಹೋಗುತ್ತದೆ. ಸಜ್ಜಾ ಬೀಳುವುದಕ್ಕೆ ಅದೂ ಒಂದು ಮಾಮೂಲಿ ಕಾರಣ, ಕಂಬಿಯ ಅಡಿ ಅದನ್ನು ಎತ್ತಿ ಹಿಡಿಯುವ ಚೇರ್ ಎಂಬ ಆಸರೆ ಕೊಡುವುದು ಅದಕ್ಕೇ. ನನ್ನ ಆಟದಲ್ಲಿ ಚೇರೂ ಇರಲಿಲ್ಲ, ತುಳಿಯುವವರೂ ಇರಲಿಲ್ಲ. ಈಗ ಕೂತು ಅದನ್ನೇ ಸೇರಿಸುತ್ತಿದ್ದೇನೆ.